ಕ್ರಿಸ್‌ಮಸ್ ದ್ವೀಪಕ್ಕೆ ಕೆಂಪು ಏಡಿ ನೋಡಲು ಹೊರಟಿದ್ದೀರಾ? ಟಿಕೆಟ್ ತೆಗೆಯುವ ಮೊದಲು ಓದಿ

ಪ್ರತಿ ವರ್ಷ ನವೆಂಬರ್ ಬಂತೆಂದರೆ ಆ ವಿಡಿಯೋ ಎಲ್ಲರ ಫೋನಿಗೂ ಬಂದೇ ಬರುತ್ತದೆ. ರಸ್ತೆ ತುಂಬ ಕೆಂಪು ಏಡಿಗಳು, ಮನೆಯ ಅಂಗಳದಲ್ಲಿ ಏಡಿಗಳು, ಕಬ್ಬಿಣದ ಸೇತುವೆ ಹತ್ತಿ ರಸ್ತೆ ದಾಟುವ ಏಡಿಗಳು. ನೋಡಿದವರಿಗೆಲ್ಲ ಬರುವ ಪ್ರಶ್ನೆ ಒಂದೇ. ಇದು ಎಲ್ಲಿ, ನಾವೂ ಹೋಗಬಹುದಾ?

ಹೋಗಬಹುದು. ಅದು ಆಸ್ಟ್ರೇಲಿಯಾದ ಆಡಳಿತದಲ್ಲಿರುವ ಕ್ರಿಸ್‌ಮಸ್ ದ್ವೀಪ. ಹಿಂದೂ ಮಹಾಸಾಗರದಲ್ಲಿ, ಇಂಡೋನೇಷ್ಯಾದ ಜಾವಾದಿಂದ ಸುಮಾರು 350 ಕಿಲೋಮೀಟರ್ ದಕ್ಷಿಣಕ್ಕಿದೆ. ಪರ್ತ್‌ನಿಂದ ಲೆಕ್ಕ ಹಾಕಿದರೆ ಸುಮಾರು 2,600 ಕಿಲೋಮೀಟರ್. ಒಟ್ಟು ವಿಸ್ತೀರ್ಣ 135 ಚದರ ಕಿಲೋಮೀಟರ್, ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ರಾಷ್ಟ್ರೀಯ ಉದ್ಯಾನ. ಊರಿನ ಜನ ಎರಡು ಸಾವಿರದ ಒಳಗೆ, ಏಡಿಗಳು ಕೋಟಿಗಟ್ಟಲೆ.

ಆದರೆ ಇಲ್ಲಿ ಟೈಮ್‌ಟೇಬಲ್ ಹಾಕುವುದು ಮಳೆ ಮತ್ತು ಚಂದ್ರ. ನಮ್ಮ ರಜೆ, ನಮ್ಮ ಟಿಕೆಟ್, ಯಾವುದಕ್ಕೂ ಏಡಿಗಳು ಕಾಯುವುದಿಲ್ಲ. ಅಷ್ಟು ದುಡ್ಡು ಹಾಕಿ ಬಂದು, ಸರಿಯಾದ ವಾರ ತಪ್ಪಿಸಿಕೊಂಡು, ಬೇಜಾರಿನಲ್ಲಿ ವಾಪಸ್ ಹೋಗುವವರು ಇದ್ದೇ ಇರುತ್ತಾರೆ. ಹಾಗಾಗಬಾರದು ಅಂತ ಈ ಬರಹ. ಪರ್ತ್, ಮೆಲ್ಬರ್ನ್, ಸಿಡ್ನಿಯಲ್ಲಿರುವ ನಮ್ಮವರಿಗೆ ಇದು ಜಾಸ್ತಿ ಉಪಯೋಗಕ್ಕೆ ಬರಬಹುದು. ಊರಿನಿಂದ ಬರುವವರಿಗೂ ದಾರಿ ಹೇಳಿದ್ದೇನೆ.

ಹಂತ 1: ಏಡಿ ಏನು ಮಾಡುತ್ತದೆ ಅಂತ ಮೊದಲು ತಿಳಿದುಕೊಳ್ಳಿ

ಇದು ಗೊತ್ತಿಲ್ಲದೆ ದಿನಾಂಕ ನೋಡಿ ಪ್ರಯೋಜನವಿಲ್ಲ.

ಕೆಂಪು ಏಡಿ ಕಾಡಿನ ಪ್ರಾಣಿ. ವರ್ಷದ ಬಹುಪಾಲು ದ್ವೀಪದ ಒಳಗಿನ ಮಳೆಕಾಡಿನಲ್ಲಿ ಬಿಲ ತೋಡಿಕೊಂಡು, ಉದುರಿದ ಎಲೆ, ಹಣ್ಣು, ಮೊಳಕೆ ತಿಂದುಕೊಂಡು ಇರುತ್ತದೆ. ಮಳೆಯಿಲ್ಲದ ಒಣ ತಿಂಗಳುಗಳಲ್ಲಿ ಬಿಲದ ಬಾಯಿಗೆ ಎಲೆ ತುರುಕಿ ಒಳಗೆ ಕೂತುಬಿಡುತ್ತದೆ. ಮೈ ಒಣಗಿದರೆ ಅದು ಬದುಕುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆಯೇ ಹೊರಡುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ ಅಥವಾ ನವೆಂಬರ್, ಕೆಲವೊಮ್ಮೆ ಡಿಸೆಂಬರ್, ಜನವರಿ. ಮಳೆ ಪೂರ್ತಿ ಕೈಕೊಟ್ಟ ವರ್ಷ ಫೆಬ್ರವರಿವರೆಗೂ ಹೋದದ್ದುಂಟು.

ಮೊದಲು ಹೊರಡುವುದು ಗಂಡು. ಸುಮಾರು ಒಂದು ವಾರ ನಡೆದು ಸಮುದ್ರ ಸೇರಿ, ನೀರಿನಲ್ಲಿ ಮುಳುಗೆದ್ದು ಮೈ ತಣಿಸಿಕೊಂಡು, ತೀರದ ಹತ್ತಿರ ಬಿಲ ತೋಡುತ್ತದೆ. ಆ ಬಿಲಗಳಿಗಾಗಿ ಗಂಡುಗಳ ನಡುವೆ ಜಗಳ ನಡೆಯುತ್ತದೆ. ಹಿಂದೆಯೇ ಹೆಣ್ಣುಗಳು ಬರುತ್ತವೆ. ಕೂಡಿದ ಮೇಲೆ ಗಂಡುಗಳು ಇನ್ನೊಮ್ಮೆ ನೀರಿಗಿಳಿದು ಕಾಡಿಗೆ ವಾಪಸ್. ಹೆಣ್ಣುಗಳು ಮಾತ್ರ ಬಿಲದಲ್ಲೇ 12-13 ದಿನ ಮೊಟ್ಟೆ ಹೊತ್ತು ಕೂರುತ್ತವೆ. ಒಂದೊಂದು ಹೆಣ್ಣು ಒಂದು ಲಕ್ಷದವರೆಗೆ ಮೊಟ್ಟೆ ಹೊರುತ್ತದೆ. ಆಮೇಲೆ ಕೆಲವು ರಾತ್ರಿ, ಬೆಳಗಾಗುವ ಮೊದಲು, ಉಬ್ಬರ ಇಳಿಯಲು ಶುರುವಾದಾಗ, ಗುಂಪು ಗುಂಪಾಗಿ ನೀರಿನ ಅಂಚಿಗೆ ಬಂದು ಮೊಟ್ಟೆ ಬಿಡುತ್ತವೆ. ನೀರು ತಾಗಿದ ಕ್ಷಣದಲ್ಲೇ ಮೊಟ್ಟೆ ಒಡೆದು ಮರಿ ಹೊರಗೆ ಬರುತ್ತದೆ.

ಅಂದರೆ ನೋಡುವುದಕ್ಕೆ ಇರುವುದು ಎರಡು ಬೇರೆ ಬೇರೆ ಘಟನೆ. ಒಂದು ಮೆರವಣಿಗೆ, ಇನ್ನೊಂದು ಮೊಟ್ಟೆ ಬಿಡುವ ರಾತ್ರಿ. ಎರಡರ ನಡುವೆ ಎರಡು ವಾರದಷ್ಟು ಅಂತರ. ವಿಡಿಯೋದಲ್ಲಿ ರಸ್ತೆ ತುಂಬ ಕಾಣುವುದು ಮೊದಲನೆಯದು. ಒಂದು ವಾರದ ರಜೆಯಲ್ಲಿ ಎರಡನ್ನೂ ಸಂಪೂರ್ಣ ನೋಡಲು ಆಗುವುದಿಲ್ಲ. ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಹಂತ 2: ಪಂಚಾಂಗ ತೆಗೆಯಿರಿ

ಇದನ್ನು ನಿಜವಾಗಿಯೇ ಹೇಳುತ್ತಿದ್ದೇನೆ. ಈ ಏಡಿಗಳು ಮೊಟ್ಟೆ ಬಿಡುವುದು ಚಂದ್ರ ಕ್ಷೀಣಿಸುತ್ತಾ ಅರ್ಧಕ್ಕೆ ಬಂದ ಆಸುಪಾಸಿನಲ್ಲಿ. ಆ ಹೊತ್ತಿಗೆ ಉಬ್ಬರ ಮತ್ತು ಇಳಿತದ ನಡುವಿನ ವ್ಯತ್ಯಾಸ ಕಡಿಮೆ ಇರುತ್ತದೆ, ಹೆಣ್ಣುಗಳು ಕೊಚ್ಚಿ ಹೋಗದೆ ನೀರಿನ ಅಂಚಿನವರೆಗೆ ಬರಬಹುದು. ನಮ್ಮ ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಇದು ಬಹುಳ ಅಷ್ಟಮಿ. ಅಷ್ಟಮಿಯಿಂದ ದಶಮಿ, ಏಕಾದಶಿವರೆಗಿನ ದಿನಗಳನ್ನು ಗುರುತು ಹಾಕಿಕೊಳ್ಳಿ.

ಈಗ ಅಲ್ಲಿಂದ ಹಿಂದಕ್ಕೆ ಎಣಿಸಿ. ಮೊಟ್ಟೆ ಹೊತ್ತು ಕೂರುವುದಕ್ಕೆ ಸುಮಾರು 13 ದಿನ, ಅದಕ್ಕೆ ಮೊದಲು ಕೂಡುವುದಕ್ಕೆ ಕೆಲವು ದಿನ, ನಡೆಯುವುದಕ್ಕೆ ಒಂದು ವಾರ. ಒಟ್ಟು ಮೂರು ವಾರ ಅಂತಿಟ್ಟುಕೊಳ್ಳಿ. ಮೂರು ವಾರ ಹಿಂದಕ್ಕೆ ಹೋದರೆ ಅಮಾವಾಸ್ಯೆಯ ಆಸುಪಾಸಿಗೆ ಬರುತ್ತೀರಿ. ಹಾಗಾಗಿ ದೀಪಾವಳಿ ಹೊತ್ತಿಗೆ ದ್ವೀಪದಲ್ಲಿ ಒಳ್ಳೆಯ ಮಳೆ ಬಿದ್ದಿದ್ದರೆ, ಬಲಿಪಾಡ್ಯಮಿಯ ಅಕ್ಕಪಕ್ಕ ಮೆರವಣಿಗೆ ಶುರುವಾಗಿ, ಕಾರ್ತಿಕ ಬಹುಳ ಅಷ್ಟಮಿ ಕಳೆದ ಕೂಡಲೇ ಮೊಟ್ಟೆ ಬಿಡುವ ರಾತ್ರಿಗಳು ಬರಬಹುದು. ಆ ಅಮಾವಾಸ್ಯೆಗೆ ಮಳೆ ಬರಲಿಲ್ಲ ಅಂದರೆ ಬಹುತೇಕ ಮುಂದಿನ ತಿಂಗಳಿಗೆ ಹೋಯಿತು ಅಂತ ತಿಳಿಯಿರಿ. ಸ್ವಲ್ಪ ತಡವಾಗಿ ಬಂದರೆ ಏಡಿಗಳು ದಾರಿಯಲ್ಲಿ ತಿನ್ನುತ್ತಾ ನಿಲ್ಲದೆ ಓಡುತ್ತವೆ. ಮಳೆ ಬೇಗ ಬಂದ ವರ್ಷ ಆರಾಮಾಗಿ ಹೋಗುತ್ತವೆ.

ಇದು ಅಂದಾಜಿನ ಲೆಕ್ಕ. ಟಿಕೆಟ್ ಮಾಡುವ ಮೊದಲು, ಇಲ್ಲಿಯ ರಾಷ್ಟ್ರೀಯ ಉದ್ಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಆಸ್ಟ್ರೇಲಿಯಾದವರು ಪ್ರತಿ ವರ್ಷ ಪ್ರಕಟಿಸುವ ಸಂಭವನೀಯ ದಿನಾಂಕಗಳನ್ನು ನೋಡಲೇಬೇಕು. 2025ಕ್ಕೆ ಅವರು ಕೊಟ್ಟದ್ದು ನವೆಂಬರ್ 14-15, ತಪ್ಪಿದರೆ ಡಿಸೆಂಬರ್ 14-15. ಎರಡೂ ಬಹುಳ ಪಕ್ಷದಲ್ಲೇ ಬಂದವು ನೋಡಿ. ಯಾವ ವರ್ಷವಾದರೂ ಒಂದಕ್ಕಿಂತ ಹೆಚ್ಚು ದಿನಾಂಕ ಕೊಡುತ್ತಾರೆ, ಯಾಕೆಂದರೆ ಮಳೆ ಯಾರ ಕೈಯಲ್ಲೂ ಇಲ್ಲ.

ನನ್ನ ಸಲಹೆ ಹೀಗೆ. ಮೆರವಣಿಗೆ ನೋಡಬೇಕು ಅನ್ನುವವರು ಆ ದಿನಾಂಕಕ್ಕೆ ಎರಡೂವರೆ ಮೂರು ವಾರ ಮೊದಲು ಬನ್ನಿ. ಮೊಟ್ಟೆ ಬಿಡುವುದನ್ನು ನೋಡಬೇಕಾದರೆ ದಿನಾಂಕಕ್ಕೆ ಮೂರು ದಿನ ಮೊದಲೇ ಬಂದು ಮೂರು ದಿನ ಕಳೆದು ಹೊರಡಿ, ಯಾಕೆಂದರೆ ಐದಾರು ರಾತ್ರಿ ಸತತವಾಗಿ ಅದು ನಡೆಯಬಹುದು. ಮಕ್ಕಳಿರುವವರಿಗೆ ಮೆರವಣಿಗೆಯೇ ಒಳ್ಳೆಯದು. ಅದಕ್ಕೆ ಬೆಳಗಿನ ಜಾವ ಬಂಡೆಗಳ ಮೇಲೆ ಹೋಗುವ ಕೆಲಸವಿಲ್ಲ.

ಹಂತ 3: ಪ್ರಯಾಣ, ವಸತಿ, ಕಾರು

ವಿಮಾನ ಪರ್ತ್‌ನಿಂದ, ವಾರಕ್ಕೆ ಕೆಲವೇ ದಿನ. ಬೆಂಗಳೂರಿನಿಂದ ಬರುವವರು ಸಿಂಗಾಪುರ ಅಥವಾ ಕೌಲಾಲಂಪುರದ ಮೇಲೆ ಪರ್ತ್‌ಗೆ ಬಂದು ಅಲ್ಲಿಂದ ಹೋಗುವುದು ಸುಲಭದ ದಾರಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಆಸ್ಟ್ರೇಲಿಯಾ ವೀಸಾ ಬೇಕೇ ಬೇಕು. ಪರ್ತ್‌ನಲ್ಲೇ ಇರುವವರೂ ಪಾಸ್‌ಪೋರ್ಟ್ ಇಟ್ಟುಕೊಂಡು ಹೋಗಿ. ದೇಶದೊಳಗಿನ ಪ್ರಯಾಣವೇ ಆದರೂ ಆ ವಿಮಾನ ಹೊರಡುವುದು ಅಂತಾರಾಷ್ಟ್ರೀಯ ಟರ್ಮಿನಲ್‌ನಿಂದ, ವಾಪಸ್ ಬರುವಾಗ ಕಸ್ಟಮ್ಸ್ ಮತ್ತು ಜೈವಿಕ ತಪಾಸಣೆಯೂ ಇದೆ.

ವಿಮಾನ ನಿಲ್ದಾಣ ಇರುವುದು ದ್ವೀಪದ ಎತ್ತರದ ಭಾಗದಲ್ಲಿ. ಮಳೆಗಾಲದಲ್ಲಿ ಮೋಡ ಕೆಳಗಿಳಿದು ವಿಮಾನ ಇಳಿಯಲಾಗದೆ ವಾಪಸ್ ಹೋಗುವುದುಂಟು. ವಾಪಸ್ ಬಂದ ಮರುದಿನವೇ ಆಫೀಸು, ಮದುವೆ, ಊರಿನ ವಿಮಾನ ಅಂತ ಇಟ್ಟುಕೊಳ್ಳಬೇಡಿ. ಕನಿಷ್ಠ ಎರಡು ದಿನ ಬಿಡಿ.

ವಸತಿ ಕಡಿಮೆ, ಕಾರುಗಳು ಇನ್ನೂ ಕಡಿಮೆ. ವಿಮಾನ, ವಸತಿ, ಕಾರು ಮೂರನ್ನೂ ಒಂದೇ ದಿನ ಬುಕ್ ಮಾಡಿ, ಮೊದಲು ಕಾರು. ಬಸ್ ನಂಬಿಕೊಂಡು ಕಾಡು ನೋಡಲು ಆಗುವುದಿಲ್ಲ. ತೀರಗಳಿಗೆ ಹೋಗುವ ದಾರಿಗಳು ಕಚ್ಚಾ ರಸ್ತೆ, ಫೋರ್ ವೀಲ್ ಡ್ರೈವ್ ತೆಗೆದುಕೊಳ್ಳಿ. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸಮಯ ಪರ್ತ್‌ಗಿಂತ ಒಂದು ಗಂಟೆ ಹಿಂದೆ. ಆಸ್ಪತ್ರೆ ಚಿಕ್ಕದು, ದೊಡ್ಡ ಕಾಯಿಲೆ ಅಂದರೆ ವಿಮಾನದಲ್ಲಿ ಪರ್ತ್‌ಗೇ ಸಾಗಿಸಬೇಕು, ಹಾಗಾಗಿ ವಿಮೆ ಇಲ್ಲದೆ ಹೋಗಬೇಡಿ.

ಊಟದ ವಿಷಯ ಬೇಗ ಹೇಳಿಬಿಡುತ್ತೇನೆ. ದ್ವೀಪದಲ್ಲಿ ಚೀನೀ ಮತ್ತು ಮಲಯ ಮೂಲದ ಜನ ಜಾಸ್ತಿ, ಪೂನ್ ಸಾನ್ ಅನ್ನುವ ಬಡಾವಣೆ ಕಡೆ ಅವರ ಊಟ ಸಿಗುತ್ತದೆ, ರುಚಿಯಾಗಿರುತ್ತದೆ. ಸಸ್ಯಾಹಾರಿಗಳು ಸುಮ್ನೆ ತರಕಾರಿ ನೂಡಲ್ಸ್ ಅಂತ ಹೇಳಿದರೆ ಸಾಲದು. ಸಿಗಡಿ ಪೇಸ್ಟ್, ಮೀನಿನ ಸಾಸ್ ಬೇಡ ಅಂತ ಬಿಡಿಸಿ ಹೇಳಬೇಕು. ಅಡುಗೆಮನೆ ಇರುವ ವಸತಿ ಸಿಕ್ಕರೆ ಒಳ್ಳೆಯದು. ಅಂಗಡಿಯಲ್ಲಿ ತಾಜಾ ತರಕಾರಿ ದುಬಾರಿ. ಸಮುದ್ರ ಕೆಟ್ಟು ಹಡಗು ಬರದಿದ್ದರೆ ಕಪಾಟುಗಳು ಖಾಲಿಯಾಗುತ್ತವೆ.

ಹಂತ 4: ಸಾಮಾನು ಕಟ್ಟುವಾಗ ಇರುವೆಯನ್ನು ನೆನಪಿಡಿ

ಎಲ್ಲರೂ ಅವಸರದಲ್ಲಿ ದಾಟಿಬಿಡುವ ಹಂತ ಇದು. ನನಗೆ ಇದೇ ಮುಖ್ಯ.

ಕ್ರಿಸ್‌ಮಸ್ ದ್ವೀಪ ಯಾವ ಖಂಡಕ್ಕೂ ಅಂಟಿಕೊಂಡು ಇದ್ದದ್ದಲ್ಲ. ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿ ಬೆಟ್ಟದ ತುದಿ, ಮೇಲೆ ಸುಣ್ಣಕಲ್ಲಿನ ಹೊದಿಕೆ. ಮನುಷ್ಯರು ನೆಲೆಸಿದ್ದೇ 19ನೇ ಶತಮಾನದ ಕೊನೆಯಲ್ಲಿ, ಫಾಸ್ಫೇಟ್ ಗಣಿಗಾಗಿ. ಆಮೇಲೆ ಹಡಗುಗಳ ಜೊತೆ ಏನೇನೋ ಬಂತು. ಕಪ್ಪು ಇಲಿ ಬಂತು, ಅದು ತಂದ ರೋಗಕ್ಕೆ ಇಲ್ಲಿಯದೇ ಆದ ಎರಡು ಜಾತಿಯ ಇಲಿಗಳು 1900ರ ಸುಮಾರಿಗೆ ಅಳಿದುಹೋದವು. ಬೆಕ್ಕು ಬಂತು. ತೋಳ ಹಾವು ಬಂತು. ಇಲ್ಲಿ ಮಾತ್ರ ಇದ್ದ ಪುಟ್ಟ ಬಾವಲಿ, ಪಿಪಿಸ್ಟ್ರೆಲ್, 2009ರ ಆಗಸ್ಟ್‌ನಲ್ಲಿ ಕೊನೆಯ ಬಾರಿಗೆ ಕೇಳಿಸಿತು, ಆಮೇಲೆ ಇಲ್ಲ. ಇಲ್ಲಿಯ ಕಾಡು ಅರಣೆಯ ಜಾತಿಯ ಕೊನೆಯ ಒಂದೇ ಒಂದು ಅರಣೆ 2014ರಲ್ಲಿ, ಹಿಡಿದು ಸಾಕಿದ್ದ ಗೂಡಿನಲ್ಲಿ ಸತ್ತಿತು. ನೀಲಿ ಬಾಲದ ಅರಣೆ ಮತ್ತು ಲಿಸ್ಟರ್ಸ್ ಗೆಕ್ಕೋ ಅನ್ನುವ ಹಲ್ಲಿ ಬದುಕಿವೆ, ಕಾಲ ಮೀರುವ ಮೊದಲು ಅಧಿಕಾರಿಗಳು ಕೆಲವನ್ನು ಹಿಡಿದು ಸಾಕಿ ಮರಿ ಮಾಡಿಸಿದ್ದರಿಂದ.

ಏಡಿಗಳ ಶತ್ರು ಹಳದಿ ಕ್ರೇಜಿ ಇರುವೆ. ಇದು ಬಂದು ಎಷ್ಟೋ ದಶಕ ಸುಮ್ಮನಿತ್ತು. 1990ರ ದಶಕದಲ್ಲಿ ದೈತ್ಯ ಕಾಲೊನಿಗಳಾಗಿ ಹರಡಿತು. ಕಚ್ಚುವುದಿಲ್ಲ, ಆಮ್ಲ ಚಿಮುಕಿಸುತ್ತದೆ. ಏಡಿಯ ಕಣ್ಣಿಗೆ, ಕೀಲುಗಳಿಗೆ ಬಿದ್ದ ಆಮ್ಲದಿಂದ ಅದು ಕುರುಡಾಗಿ, ಒಣಗಿ ಸಾಯುತ್ತದೆ. ಹೀಗೆ ಸತ್ತ ಏಡಿಗಳು ಒಂದು ಕೋಟಿಗೂ ಮೇಲೆ. ಎಷ್ಟೋ ಏಡಿಗಳು ತಮ್ಮ ಕಾಡು ಇರುವೆ ಇಲ್ಲದ ಜಾಗವೇ ಆದರೂ, ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಇರುವೆಯ ಜಾಗಕ್ಕೆ ಕಾಲಿಟ್ಟು ಸತ್ತವು.

ಇದಕ್ಕೆ ಹೆಲಿಕಾಪ್ಟರ್‌ನಿಂದ ವಿಷದ ಆಹಾರ ಎರಚಿ ನೋಡಿದರು, 2002ರಲ್ಲಿ, ಆಮೇಲೂ ಕೆಲವು ಬಾರಿ. ಕಡಿಮೆಯಾಗಿ ಮತ್ತೆ ಬಂತು. ಆಮೇಲೆ ವಿಜ್ಞಾನಿಗಳು ಇರುವೆಯ ಊಟದ ಮೇಲೆ ಕಣ್ಣಿಟ್ಟರು. ಮರಗಳ ಮೇಲೆ ಕೂತು ರಸ ಹೀರುವ ಅರಗಿನ ಜಾತಿಯ ಶಲ್ಕ ಕೀಟಗಳು ಸಿಹಿಯಾದ ಅಂಟು ಬಿಡುತ್ತವೆ, ಇರುವೆಗಳು ಬದುಕಿದ್ದೇ ಅದರಿಂದ. ಆ ಕೀಟದ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಒಂದು ಕಣಜವಿದೆ, ಮಲೇಷ್ಯಾದ್ದು, ಗಾತ್ರ ಕೆಲವೇ ಮಿಲಿಮೀಟರ್, ಮನುಷ್ಯರಿಗೆ ಏನೂ ಮಾಡುವುದಿಲ್ಲ. ವರ್ಷಗಟ್ಟಲೆ ಪರೀಕ್ಷೆ ಮಾಡಿ 2016ರ ಡಿಸೆಂಬರ್‌ನಲ್ಲಿ ಅದನ್ನು ದ್ವೀಪದಲ್ಲಿ ಬಿಟ್ಟರು. ಈಚಿನ ವರ್ಷಗಳಲ್ಲಿ ಏಡಿಗಳ ಸಂಖ್ಯೆ ಮತ್ತೆ ಏರಿದೆ.

ಏಡಿ ಹೋದರೆ ಬರೀ ಏಡಿ ಹೋಗುವುದಿಲ್ಲ. ಎಲೆ, ಮೊಳಕೆ ತಿಂದು ಕಾಡಿನ ನೆಲವನ್ನು ಬಯಲಾಗಿ ಇಡುವುದು ಏಡಿಯೇ. ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಬೆಳೆಗಾರರ ನಿದ್ದೆ ಕೆಡಿಸಿದ ದೈತ್ಯ ಆಫ್ರಿಕನ್ ಬಸವನಹುಳು ಇಲ್ಲೂ ಇದೆ. ಏಡಿಗಳು ಇರುವ ಕಾಡಿನಲ್ಲಿ ಅದಕ್ಕೆ ಜಾಗವೇ ಇಲ್ಲ, ಏಡಿಗಳು ಒಡೆದು ತಿನ್ನುತ್ತವೆ. ಇರುವೆ ಏಡಿಗಳನ್ನು ಕೊಂದ ಕಡೆ ಬಸವನಹುಳು ಒಳಗೆ ನುಗ್ಗಿತು. ಕೊಡಗಿನಲ್ಲಿ ಉಪ್ಪು ಎರಚುತ್ತಾ ಹುಳು ಹೆಕ್ಕುತ್ತಾ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು.

ಆದ್ದರಿಂದ ಶೂ ಸೋಲನ್ನು ಹಳೆಯ ಟೂತ್‌ಬ್ರಷ್ ಹಾಕಿ ತಿಕ್ಕಿ, ಮಣ್ಣಿನ ಒಂದು ಕಣವೂ ಬೇಡ. ಬ್ಯಾಗ್‌ನ ಹೊಲಿಗೆ, ಜೇಬು, ಟ್ರೈಪಾಡ್ ಕಾಲು, ಮಕ್ಕಳ ಪ್ರಾಮ್ ಚಕ್ರ, ಎಲ್ಲ ನೋಡಿ. ಹಣ್ಣು, ಬೀಜ, ಮೊಳಕೆ ಬರುವ ಕಾಳು, ಕರಿಬೇವು, ಪೂಜೆಯ ಹೂವು ಒಯ್ಯಬೇಡಿ. ಬೇರೆ ಏನೇ ತಿಂಡಿ ಇದ್ದರೂ ಮುಚ್ಚಿಡದೆ ತೋರಿಸಿ, ಬೇಡ ಅಂದರೆ ಬಿಟ್ಟುಬಿಡಿ. ಚಟ್ನಿಪುಡಿಗಿಂತ ಆ ಕಾಡು ದೊಡ್ಡದು.

ಇನ್ನು ಉಳಿದದ್ದು: ತೆಳು ರೇನ್‌ಕೋಟ್, ಗಟ್ಟಿ ಹಿಡಿತದ ಶೂ, ಕೆಂಪು ಬೆಳಕು ಬರುವ ತಲೆ ಟಾರ್ಚ್, ಕ್ಯಾಮೆರಾಕ್ಕೆ ಒಣ ಚೀಲ.

ಹಂತ 5: ರಸ್ತೆಯಲ್ಲಿ

ನಾವು ಅಲ್ಲಿಗೆ ಹೋಗಿ ಮಾಡಬಹುದಾದ ದೊಡ್ಡ ಹಾನಿ ಕಾರಿನಿಂದಲೇ. ಪಾರ್ಕ್‌ನವರು ಕಿಲೋಮೀಟರ್‌ಗಟ್ಟಲೆ ತಡೆಗೋಡೆ ಹಾಕಿದ್ದಾರೆ, ರಸ್ತೆಯ ಅಡಿಯಲ್ಲಿ ಸುರಂಗಗಳಿವೆ, ಐದು ಮೀಟರ್ ಎತ್ತರದ ಏಡಿ ಸೇತುವೆ ಇದೆ. ಮೆರವಣಿಗೆ ಜೋರಾದಾಗ ರಸ್ತೆಗಳನ್ನೇ ಮುಚ್ಚುತ್ತಾರೆ. ಯಾವುದು ಮುಚ್ಚಿದೆ ಅಂತ ದಿನಾ ಬೆಳಗ್ಗೆ ವಿಚಾರಿಸಿ. ಸೆಟಲ್‌ಮೆಂಟ್ ಅನ್ನುವ ಬಡಾವಣೆಯ ವೃತ್ತದ ಬಳಿ ಊರವರ ಕಪ್ಪು ಹಲಗೆ ಇದೆ, ದ್ವೀಪದ ಸುದ್ದಿ ಎಲ್ಲ ಸೀಮೆಸುಣ್ಣದಲ್ಲಿ ಅಲ್ಲೇ ಬರೆದಿರುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಮುಚ್ಚಿದ ರಸ್ತೆಗೆ ಯಾವ ಕಾರಣಕ್ಕೂ ಹೋಗಬೇಡಿ.

ಏಡಿಗಳು ಹೆಚ್ಚು ನಡೆಯುವುದು ಬೆಳಗ್ಗೆ ಮತ್ತು ಸಂಜೆ, ತಂಪಿನ ಹೊತ್ತಿನಲ್ಲಿ. ಬಿಸಿಲೇರಿದಾಗ ನೆರಳು ಸೇರುತ್ತವೆ. ಮೋಡ ಕವಿದ ದಿನ ಇಡೀ ದಿನ ನಡೆಯಬಹುದು. ಹಾಗಾಗಿ ಅಂಗಡಿ, ಪೆಟ್ರೋಲ್ ಇಂಥ ಕೆಲಸಗಳನ್ನು ಬಿಸಿಲಿನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೆಳಗ್ಗೆ, ಸಂಜೆ ಕಾರು ನಿಲ್ಲಿಸಿ ನಡೆಯಿರಿ. ನೋಡುವುದಕ್ಕೂ ಅದೇ ಒಳ್ಳೆಯದು. ನಿಂತು ಕೇಳಿದರೆ ಒಣಗಿದ ಎಲೆಗಳ ಮೇಲೆ ಸಾವಿರಾರು ಕಾಲುಗಳ ಸದ್ದು ಕಾಡಿನ ಒಳಗಿನಿಂದ ಬರುತ್ತಲೇ ಇರುತ್ತದೆ. ಕಾರಿನಲ್ಲಿ ಕೂತವರಿಗೆ ಅದು ಕೇಳುವುದಿಲ್ಲ.

ಕಾರಿನಲ್ಲಿ ಹೋಗಲೇಬೇಕಾದರೆ ಇಬ್ಬರಿರಬೇಕು. ಒಬ್ಬರು ಇಳಿದು ಮುಂದೆ ನಡೆದು ದಾರಿ ಬಿಡಿಸಬೇಕು. ಅಲ್ಲಿಯವರು ಕಾರಿನಲ್ಲೇ ಎಲೆ ಗುಡಿಸುವ ಹಲ್ಲಿನ ರೇಕ್ ಇಟ್ಟುಕೊಂಡಿರುತ್ತಾರೆ. ಅದರಿಂದ ಮೆಲ್ಲಗೆ, ಏಡಿ ಹೋಗುತ್ತಿರುವ ದಿಕ್ಕಿಗೇ ಸರಿಸಬೇಕು. ಹಿಂದಕ್ಕೆ ಸರಿಸಿದರೆ ಅದು ಮತ್ತೆ ಬಂದು ಚಕ್ರದ ಕೆಳಗೇ ಸೇರುತ್ತದೆ. ಕೈಯಲ್ಲಿ ಎತ್ತಬೇಡಿ, ಇಕ್ಕಳ ಬಲವಾಗಿದೆ, ಅದಕ್ಕೂ ಗಾಬರಿ. ಮೇಲೆ ಹತ್ತಿಸಿಕೊಂಡು ಹೋದರೆ ಏಡಿ ಸಾಯುವುದಂತೂ ಸರಿ, ಅದರ ಗಟ್ಟಿ ಚಿಪ್ಪು, ಇಕ್ಕಳ ಚುಚ್ಚಿ ಟೈರ್ ಕೂಡ ಪಂಕ್ಚರ್ ಆಗುತ್ತದೆ.

ರಾತ್ರಿ ಇನ್ನೊಬ್ಬರಿಗಾಗಿ ನಿಧಾನ ಮಾಡಬೇಕು, ಅದು ತೆಂಗಿನ ಏಡಿ, ಇಲ್ಲಿಯವರು ರಾಬರ್ ಕ್ರ್ಯಾಬ್ ಅನ್ನುತ್ತಾರೆ. ನೆಲದ ಮೇಲೆ ಬದುಕುವ ಸಂಧಿಪದಿಗಳಲ್ಲಿ ಜಗತ್ತಿಗೇ ದೊಡ್ಡದು. ನಾಲ್ಕು ಕಿಲೋವರೆಗೆ ತೂಗುತ್ತದೆ, ಕಾಲು ಚಾಚಿದರೆ ಒಂದು ಮೀಟರ್‌ವರೆಗೆ ಬರುತ್ತದೆ. ಬೇರೆ ಎಷ್ಟೋ ದ್ವೀಪಗಳಲ್ಲಿ ತಿಂದು ಮುಗಿಸಿದ ಈ ಪ್ರಾಣಿ ಇಲ್ಲಿ ಇನ್ನೂ ಚೆನ್ನಾಗಿ ಉಳಿದಿದೆ. ಬೆಳೆಯುವುದು ಬಹಳ ನಿಧಾನ, ಬದುಕುವುದು ದಶಕಗಳ ಕಾಲ. ರಸ್ತೆಯ ಮಧ್ಯೆ ಕೂತಿರುವ ದೊಡ್ಡ ತೆಂಗಿನ ಏಡಿಗೆ ನಿಮ್ಮಷ್ಟೇ ವಯಸ್ಸಾಗಿರಬಹುದು. ಗಡಿಬಿಡಿಯಲ್ಲಿ ಅದರ ಮೇಲೆ ಕಾರು ಹತ್ತಿಸುವುದನ್ನು ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತದೆ. ಕಾಡಿನಲ್ಲಿ ಕೂತಾಗ ಚಪ್ಪಲಿ, ಚೀಲ, ಕ್ಯಾಮೆರಾ ನೆಲದ ಮೇಲೆ ಬಿಡಬೇಡಿ, ಎಳೆದುಕೊಂಡು ಹೋಗುತ್ತದೆ. ತಿಂಡಿ ಹಾಕಬೇಡಿ.

ಹಂತ 6: ಮೊಟ್ಟೆ ಬಿಡುವ ರಾತ್ರಿ

ಜಾಗ ನಾಲ್ಕಾರಿವೆ. ಊರಿಗೆ ಹತ್ತಿರದ್ದು ಫ್ಲೈಯಿಂಗ್ ಫಿಶ್ ಕೋವ್, ವಯಸ್ಸಾದವರಿಗೆ ಅದೇ ಅನುಕೂಲ. ಪೂರ್ವ ತೀರದ ಎಥೆಲ್ ಬೀಚ್ ಮತ್ತು ಗ್ರೆಟಾ ಬೀಚ್ ಹೆಸರಾದವು. ಗ್ರೆಟಾಗೆ ಇಳಿಯುವುದು ಕಡಿದು, ಕತ್ತಲಲ್ಲಿ ಮೊದಲ ಸಲ ಹೋಗಬೇಡಿ. ಯಾವುದೇ ಜಾಗವಾದರೂ ಹಿಂದಿನ ದಿನ ಹಗಲಲ್ಲಿ ಹೋಗಿ ಎಲ್ಲಿ ನಿಲ್ಲಬಹುದು, ಅಲೆ ಎಲ್ಲಿಯವರೆಗೆ ಬರುತ್ತದೆ ಅಂತ ನೋಡಿಕೊಂಡು ಬನ್ನಿ.

ಉಬ್ಬರದ ಸಮಯ ನೋಡಿ, ಅದು ಏರಿ ನಿಲ್ಲುವ ಒಂದು ಗಂಟೆ ಮೊದಲೇ ಅಲ್ಲಿರಿ. ಬರುವುದೆಲ್ಲ ಹೆಣ್ಣು. ಹೊಟ್ಟೆಯ ಕೆಳಗಿನ ಮಡಿಕೆ ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿ ಮೊನಚಾಗಿದ್ದರೆ ಗಂಡು. ಆ ಅಗಲದ ಮಡಿಕೆಯೊಳಗೆ ಮೊಟ್ಟೆಗಳು ತುಂಬಿ ಹೊರಚಾಚಿಕೊಂಡಿರುತ್ತವೆ. ನೀರಿನ ಅಂಚಿಗೆ ಬಂದು, ಇಕ್ಕಳ ಮೇಲೆತ್ತಿ, ಮೈಯೆಲ್ಲ ಅಲುಗಾಡಿಸಿ ಮೊಟ್ಟೆ ಉದುರಿಸುತ್ತವೆ. ಜಾಗ ಸಿಗದವು ಕಡಿದಾದ ಬಂಡೆಗಳಿಗೆ ಅಂಟಿಕೊಂಡು ಎಂಟು ಮೀಟರ್ ಎತ್ತರದಿಂದಲೂ ನೀರಿಗೆ ಬಿಡುತ್ತವೆ. ಅಂಚಿನ ನೀರು ಮೊಟ್ಟೆಗಳಿಂದ ಕಂದು ಬಣ್ಣಕ್ಕೆ ತಿರುಗುತ್ತದೆ.

ನಿಮ್ಮ ಕೆಲಸ ಒಂದೇ ಕಡೆ ಕೂರುವುದು. ಏಡಿಗೂ ನೀರಿಗೂ ನಡುವೆ ನಿಲ್ಲಬೇಡಿ. ಬಿಳಿ ಟಾರ್ಚ್ ನೇರವಾಗಿ ಬಿಡಬೇಡಿ, ಕೆಂಪು ಬೆಳಕು ನೆಲಕ್ಕೆ ಹಿಡಿಯಿರಿ. ಎದ್ದು ಹೋಗಬೇಕೆಂದರೆ ಪ್ರತಿ ಹೆಜ್ಜೆಯ ಜಾಗ ನೋಡಿ, ಬಿಟ್ಟ ಜಾಗ ಇಲ್ಲದಿದ್ದರೆ ಕಾಯಿರಿ, ಅರ್ಧ ಗಂಟೆ ಕಾದರೂ ಪರವಾಗಿಲ್ಲ. ಮಳೆಗಾಲದಲ್ಲಿ ಇಲ್ಲಿ ದೊಡ್ಡ ಅಲೆಗಳೇಳುತ್ತವೆ, ಬಂಡೆಯ ಅಂಚಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದು ಬೇಡವೇ ಬೇಡ.

ಬಿಟ್ಟ ಮರಿಗಳು ಸುಮಾರು ಒಂದು ತಿಂಗಳು ಸಮುದ್ರದಲ್ಲಿ ತೇಲುತ್ತವೆ. ತಿಮಿಂಗಿಲ ಶಾರ್ಕ್, ಮಾಂಟಾ ರೇ ಅನ್ನುವ ದೊಡ್ಡ ಚಪ್ಪಟೆ ಮೀನು, ಬೇರೆ ಮೀನುಗಳು ತಿಂದು ಉಳಿದದ್ದು ದಡಕ್ಕೆ ಬರಬೇಕು. ಬಹಳ ವರ್ಷ ಒಂದೂ ಬರುವುದಿಲ್ಲ ಅಂದರೂ ಆಗುತ್ತದೆ. ದಶಕಕ್ಕೆ ಒಂದೆರಡು ಬಾರಿ ಮಾತ್ರ ಅರ್ಧ ಸೆಂಟಿಮೀಟರ್ ಗಾತ್ರದ ಮರಿಗಳು ದಡ ತುಂಬಿ, ಕಾಡಿನ ಕಡೆಗೆ ಹೊರಡುತ್ತವೆ. ಅಷ್ಟರಿಂದಲೇ ಇಡೀ ದ್ವೀಪದ ಏಡಿಗಳು ಉಳಿದಿವೆ. ಮರಿಗಳು ಬರುವುದನ್ನು ನೋಡಲು ಅಂತ ಯಾರೂ ಪ್ಲಾನ್ ಮಾಡಲಾರರು. ನೀವಿರುವಾಗ ಬಂದರೆ ಕಾರಿನ ಕೀಲಿ ಎತ್ತಿಟ್ಟು ನಡೆದೇ ಓಡಾಡಿ, ಅವು ಚಕ್ರದ ಕೆಳಗೆ ಸಿಕ್ಕರೆ ಕಾಣುವುದೂ ಇಲ್ಲ.

ಹಂತ 7: ಏಡಿ ಬಿಟ್ಟು ಇನ್ನೇನು?

ಮಳೆ ತಡವಾಗಿ, ಏಡಿ ಹೊರಡದೆ, ನೀವು ಅಲ್ಲಿ ಇದ್ದೀರಿ ಅಂತಿಟ್ಟುಕೊಳ್ಳಿ. ಹಾಳಾಯಿತು ಅಂದುಕೊಳ್ಳಬೇಡಿ. ಕಾಡಿನೊಳಗೆ ಏಡಿಗಳಂತೂ ಇದ್ದೇ ಇವೆ, ತೇವದ ಬೆಳಗಿನಲ್ಲಿ ಬಿಲದ ಬಾಯಲ್ಲಿ ಕಾಣುತ್ತವೆ.

ಮೊದಲು ಪಶ್ಚಿಮದ ಡೇಲ್ಸ್ ಅನ್ನುವ ತೊರೆಗಳ ಕಣಿವೆ ಕಡೆ ಹೋಗಿ. ಹ್ಯೂಸ್ ಡೇಲ್ ಜಲಪಾತದ ಹತ್ತಿರ ನೀಲಿ ಏಡಿ ಸಿಗುತ್ತದೆ, ತಿಳಿ ಆಕಾಶದ ಬಣ್ಣ. ಸಿಹಿನೀರಿನ ಜಾಗದಲ್ಲೇ ಇರುವ ಇದು ಬೇರೆಯದೇ ಜಾತಿ ಅಂತ ವಿಜ್ಞಾನಿಗಳು ಹೆಸರಿಟ್ಟದ್ದು 2012ರಲ್ಲಿ. ಆ ನೀರಿನಲ್ಲಿ ಸೋಪು, ಸನ್‌ಸ್ಕ್ರೀನ್ ಹಾಕಿಕೊಂಡು ಇಳಿಯಬೇಡಿ. ದಕ್ಷಿಣ ತೀರದಲ್ಲಿ ಬ್ಲೋಹೋಲ್ಸ್ ಇವೆ, ಬಂಡೆಯ ತೂತುಗಳಿಂದ ಸಮುದ್ರದ ನೀರು ಮೇಲಕ್ಕೆ ಚಿಮ್ಮುತ್ತದೆ. ಡಾಲಿ ಬೀಚ್‌ಗೆ ಕಾಡಿನ ಮೂಲಕ ನಡೆದು ಹೋಗಬೇಕು, ದಾರಿಯುದ್ದಕ್ಕೂ ತೆಂಗಿನ ಏಡಿ, ಅಲ್ಲಿ ಹಸಿರು ಕಡಲಾಮೆಗಳು ಮೊಟ್ಟೆ ಇಡುತ್ತವೆ.

ಹಕ್ಕಿಗೆ ಬಂದವರಿಗೆ ಇದು ಅಪರೂಪದ ಜಾಗ. ಅಬಾಟ್ಸ್ ಬೂಬಿ ಅನ್ನುವ ಕಡಲ ಹಕ್ಕಿ ಈಗ ಜಗತ್ತಿನಲ್ಲಿ ಗೂಡು ಕಟ್ಟುವುದು ಇಲ್ಲಿ ಮಾತ್ರ. ಒಂದು ಕಾಲದಲ್ಲಿ ಸೇಶೆಲ್ಸ್‌ನ ಅಸಂಪ್ಷನ್ ದ್ವೀಪದಲ್ಲೂ ಇತ್ತು, ಅಲ್ಲಿಂದ ಮುಗಿದುಹೋಯಿತು. ಎತ್ತರದ ಮಳೆಕಾಡಿನ ಮರಗಳ ತುದಿಯಲ್ಲಿ ಒಂದೇ ಮೊಟ್ಟೆ, ಎರಡು ವರ್ಷಕ್ಕೊಂದು ಮರಿ ಬೆಳೆಸಿದರೆ ಹೆಚ್ಚು. ನೆಲಕ್ಕೆ ಬಿದ್ದ ಅಬಾಟ್ಸ್ ಬೂಬಿ ಮತ್ತೆ ತಾನಾಗಿ ಹಾರಲಾರದು. ಅಂಥದ್ದು ಕಂಡರೆ ಮುಟ್ಟದೆ, ಜಾಗ ಗುರುತು ಮಾಡಿಕೊಂಡು, ಪಾರ್ಕ್ ಕಚೇರಿಗೆ ತಕ್ಷಣ ಹೇಳಿ. ಕ್ರಿಸ್‌ಮಸ್ ಫ್ರಿಗೇಟ್ ಹಕ್ಕಿಯೂ ಮರಿ ಮಾಡುವುದು ಇಲ್ಲಷ್ಟೇ. ಗೋಲ್ಡನ್ ಬೋಸನ್ ಅನ್ನುವ ಹೊನ್ನಿನ ಬಣ್ಣದ, ಉದ್ದ ಬಾಲದ ಹಕ್ಕಿಯನ್ನು ನೋಡಲು ಕಷ್ಟಪಡಬೇಕಿಲ್ಲ, ತಲೆಯೆತ್ತಿದರೆ ಸಾಕು. ಸಂಜೆ ಹಾರುವ ಕ್ರಿಸ್‌ಮಸ್ ದ್ವೀಪದ ಹಣ್ಣು ಬಾವಲಿ ಇಲ್ಲಿಯ ಸ್ಥಳೀಯ ಸಸ್ತನಿಗಳಲ್ಲಿ ಉಳಿದಿರುವ ಒಂದೇ ಒಂದು, ಹಗಲಲ್ಲೂ ಹಾರುತ್ತದೆ.

ಏಡಿಯ ಕಾಲದಲ್ಲಿ ರಜೆ ಸಿಗದವರು ಆಗಸ್ಟ್, ಸೆಪ್ಟೆಂಬರ್ ನೋಡಿ. ಮಳೆ ಕಡಿಮೆ, ರಸ್ತೆ ತೆರೆದಿರುತ್ತವೆ, ಹಕ್ಕಿ ಮರಿಗಳನ್ನು ಸಾಕುವ ಕಾಲ, ಅದೇ ಹೊತ್ತಿಗೆ ಬರ್ಡ್ ವೀಕ್ ಅಂತ ಒಂದು ವಾರ ನಡೆಯುತ್ತದೆ, ತಿಳಿದವರ ಜೊತೆ ಕಾಡಿಗೆ ಹೋಗಬಹುದು. ಅದಕ್ಕೂ ಜಾಗ ಕಡಿಮೆ, ತಿಂಗಳುಗಟ್ಟಲೆ ಮೊದಲೇ ಹೆಸರು ಕೊಡಬೇಕು.

ಗ್ರೆಟಾ ಬೀಚ್‌ಗೆ ಹಗಲಲ್ಲಿ ಹೋದರೆ ಒಂದು ಗಟ್ಟಿ ಚೀಲ ಇಟ್ಟುಕೊಳ್ಳಿ. ಸಮುದ್ರ ತಂದು ಹಾಕಿದ ಪ್ಲಾಸ್ಟಿಕ್ ಅಲ್ಲಿ ರಾಶಿ ಬಿದ್ದಿರುತ್ತದೆ, ಚಪ್ಪಲಿ, ಬಾಟಲಿ, ಬಲೆಯ ತುಂಡು. ಊರವರು ಆಗಾಗ ಸೇರಿ ಹೆಕ್ಕುತ್ತಾರೆ. ಅಂಥ ದಿನ ಇದೆಯಾ ಅಂತ ಆ ಕಪ್ಪು ಹಲಗೆಯಲ್ಲಿ ನೋಡಿ, ಇದ್ದರೆ ಸೇರಿಕೊಳ್ಳಿ. ಇಲ್ಲದಿದ್ದರೂ ಒಂದು ಚೀಲ ತುಂಬಿಸಿ ಮೇಲೆ ತನ್ನಿ. ತುಂಬುವ ಮೊದಲು ಪ್ರತಿ ಡಬ್ಬಿ, ಚಿಪ್ಪಿನೊಳಗೆ ಇಣುಕಿ ನೋಡಿ, ಸನ್ಯಾಸಿ ಏಡಿಗಳು ಒಳಗೆ ಮನೆ ಮಾಡಿಕೊಂಡಿರುತ್ತವೆ.